ಹದಿನಾಲ್ಕು ಕಿಲೋ ತೂಕದ ಸೂಪರ್‌ಕಂಪ್ಯೂಟರ್

ಅಮೆರಿಕದ ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್‌ನಲ್ಲಿ ಡಚ್ ವಲಸಿಗರ ಚರ್ಚು 1876ರಲ್ಲಿ ಪಾದ್ರಿಗಳ ತರಬೇತಿಗೆಂದು ಒಂದು ಶಾಲೆ ತೆರೆಯಿತು. ಅದೇ ಇಂದಿನ ಕ್ಯಾಲ್ವಿನ್ ವಿಶ್ವವಿದ್ಯಾಲಯ.

2007ರಲ್ಲಿ ಅಲ್ಲಿನ ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕ ಜೋಯೆಲ್ ಆಡಮ್ಸ್ ವಿದ್ಯಾರ್ಥಿಯೊಬ್ಬನ ಜೊತೆ ಕೂತು, ಯಾರು ಬೇಕಾದರೂ ಕೊಳ್ಳಬಹುದಾದ ಬಿಡಿಭಾಗಗಳಿಂದಲೇ ‘ಮೈಕ್ರೋವುಲ್ಫ್’ ಎಂಬ ಈ ಪುಟ್ಟ ಸೂಪರ್‌ಕಂಪ್ಯೂಟರ್ ಜೋಡಿಸಿದರು. ನಾಲ್ಕು ಮದರ್‌ಬೋರ್ಡು, ಎಂಟು ಕೋರ್, ಖರ್ಚು ಬರೀ 2,470 ಡಾಲರ್. ವೇಗ ಮಾತ್ರ ಸೆಕೆಂಡಿಗೆ 2,600 ಕೋಟಿ ಲೆಕ್ಕಕ್ಕೂ ಮೇಲೆ! 1997ರಲ್ಲಿ ಚೆಸ್ ಚಾಂಪಿಯನ್ ಕ್ಯಾಸ್ಪರೋವ್‌ರನ್ನು ಮಣಿಸಿದ ಡೀಪ್ ಬ್ಲೂ ಕಂಪ್ಯೂಟರಿನ ಸಾಮರ್ಥ್ಯದ ಎರಡು ಪಟ್ಟಿಗಿಂತ ಹೆಚ್ಚು. ಬಿಡಿಭಾಗಗಳ ಪಟ್ಟಿ, ಬೆಲೆ, ವಿನ್ಯಾಸ ಎಲ್ಲವನ್ನೂ ಅವರು ಬಹಿರಂಗವಾಗಿಟ್ಟರು. ಸಣ್ಣ ಕಾಲೇಜುಗಳ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಯಾವುದಿದ್ದೀತು?

ಕ್ಯಾಲ್ವಿನ್‌ನಂಥ ಕ್ರೈಸ್ತ ಕಾಲೇಜಿನಲ್ಲೂ ಕೋಡಿಂಗ್, ಡೇಟಾಬೇಸ್ ಪಾಠ ಎಲ್ಲ ಕಡೆಯಂತೆಯೇ. ಬೇರೆಯಾಗುವುದು ಅವುಗಳ ಜೊತೆ ಕೇಳುವ ಪ್ರಶ್ನೆ: ಈ ಮಾಹಿತಿ ಯಾಕೆ ಬೇಕು, ಯಾರಿಗೆ ತೊಂದರೆಯಾದೀತು?

ಇದೇ ಬಗೆಯ ಪ್ರಶ್ನೆ ಎತ್ತುವ ಡೆರೆಕ್ ಶೂರ್ಮನ್ ಅವರ ಪುಸ್ತಕ ‘ಶೇಪಿಂಗ್ ಎ ಡಿಜಿಟಲ್ ವರ್ಲ್ಡ್’ (2013) ಕಂಪ್ಯೂಟರ್ ತಂತ್ರಜ್ಞಾನವನ್ನು ಸೃಷ್ಟಿ, ಪತನ, ವಿಮೋಚನೆಯ ಬೈಬಲ್ ಚೌಕಟ್ಟಿನಲ್ಲಿಟ್ಟು ನೋಡುತ್ತದೆ. ತಂತ್ರಜ್ಞಾನ ತಟಸ್ಥವಲ್ಲ ಎಂಬುದು ಅವರ ವಾದ; ಬೇರೆ ನಂಬಿಕೆಯವರೂ ಒಪ್ಪಬಹುದಾದ ಮಾತಿದು. ಶೂರ್ಮನ್ ಮುಂದೆ ಕ್ಯಾಲ್ವಿನ್‌ನಲ್ಲೇ ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕರಾದರು.