ಮೂರು ಚೆಂಡು, ಮೂವತ್ತು ಮೀಟರ್

ಬಲಗಡೆ ಶ್ವಾಸಕೋಶದಲ್ಲಿ ಮೂರು ಹಾಲೆ, ಎಡಗಡೆ ಎರಡು. ಅಪ್ಪನಿಗೆ ಕ್ಯಾನ್ಸರ್ ಇದ್ದದ್ದು ಬಲಗಡೆ ಮೇಲಿನ ಹಾಲೆಯಲ್ಲಿ. ಮಾರ್ಚಿನಲ್ಲಿ ಅದನ್ನು ತೆಗೆದರು. ಮರುದಿನ, ಎದೆಗೆ ಹಾಕಿದ ಟ್ಯೂಬ್ ಇನ್ನೂ ಹಾಗೇ ಇರುವಾಗ, ಫಿಸಿಯೋಥೆರಪಿ ಮೇಡಂ ಬಂದು "ಏಳಿ, ನಾಲ್ಕು ಹೆಜ್ಜೆ ನಡೆಯೋಣ" ಅಂದರು. ಅಜ್ಜಿಗೆ ಎಲ್ಲಿಲ್ಲದ ಸಿಟ್ಟು. "ಬಾಣಂತೀನೇ ತಿಂಗಳುಗಟ್ಟಲೆ ಮಲಗಿಸ್ತೀವಿ, ಇವನ್ನ ಮಾರನೇ ದಿನವೇ ಎಬ್ಬಿಸ್ತಾರಲ್ಲ!"

ಮಲಗೇ ಇದ್ದರೆ ಕಫ ಕಟ್ಟಿಕೊಳ್ಳುತ್ತೆ, ನ್ಯುಮೋನಿಯಾ ಆಗಬಹುದು. ಅದಕ್ಕೇ ಆ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ. ಊದೋದಲ್ಲ, ಉಸಿರು ಎಳೆಯೋದು. ಸೆಕೆಂಡಿಗೆ 600 ಮಿಲಿಲೀಟರ್ ಎಳೆದರೆ ಒಂದು ಚೆಂಡು ಏಳುತ್ತೆ, 900ಕ್ಕೆ ಎರಡು, 1200ಕ್ಕೆ ಮೂರು. ಪಕ್ಕಾ ಫ್ಲೋಮೀಟರ್! ಕೆಮ್ಮುವಾಗ ಹೊಲಿಗೆ ಮೇಲೆ ದಿಂಬು ಒತ್ತಿಕೊಳ್ಳಬೇಕು. ಭುಜ ಹಿಡಿದುಕೊಳ್ಳದಿರಲಿ ಅಂತ ಬಲಗೈ ಬೆರಳುಗಳನ್ನು ಗೋಡೆ ಮೇಲೆ ಹತ್ತಿಸಬೇಕು. ಕ್ಯಾಲೆಂಡರಿನ ಮೊಳೆ ಮುಟ್ಟೋಕೆ ಅಪ್ಪನಿಗೆ ಹದಿನೈದು ದಿನ ಹಿಡಿಯಿತು.

ಗಾಯ ಮಾಗಿದ ಮೇಲೆ, ಡಾಕ್ಟರ್ ಒಪ್ಪಿಗೆ ಕೊಟ್ಟ ಮೇಲೆ, ನಿಜವಾದ ವ್ಯಾಯಾಮ. ಮೊದಲು ಆರು ನಿಮಿಷದ ನಡಿಗೆ ಪರೀಕ್ಷೆ: 30 ಮೀಟರ್ ಕಾರಿಡಾರಿನಲ್ಲಿ ಅತ್ತಿಂದಿತ್ತ, ಎಷ್ಟು ಮೀಟರ್ ನಡೆದಿರೋ ಅದೇ ಮಾರ್ಕ್ಸು. ಅಪ್ಪ ಎರಡು ಸಲ ಗೋಡೆ ಹಿಡಿದು ನಿಂತರು.

ತೆಗೆದ ಹಾಲೆ ಮತ್ತೆ ಬೆಳೆಯಲ್ಲ. ಹಾಗಿದ್ರೆ ನಡೆದು ಏನುಪಯೋಗ? ಉತ್ತರ ಕಾಲಲ್ಲಿದೆ. ಪಳಗಿದ ಸ್ನಾಯು ಅದೇ ಕೆಲಸಕ್ಕೆ ಕಡಿಮೆ ಉಸಿರು ಕೇಳುತ್ತೆ. ಪಂಪ್ ಚಿಕ್ಕದಾಯ್ತು, ಸರಿ; ಲೋಡ್ ಕಡೆ ಸುಧಾರಿಸಬಹುದಲ್ಲ. 2019ರ ಕಾಕ್ರೇನ್ ವಿಮರ್ಶೆ ಇಂಥ 8 ಪ್ರಯೋಗಗಳನ್ನು, ಒಟ್ಟು 450 ಜನರನ್ನು ನೋಡಿತು. ವ್ಯಾಯಾಮ ಮಾಡಿದವರು ಆರು ನಿಮಿಷದಲ್ಲಿ ಸರಾಸರಿ 57 ಮೀಟರ್ ಹೆಚ್ಚು ನಡೆದಿದ್ದರು. ಊದಿಸಿ ಅಳೆಯುವ ಶ್ವಾಸಕೋಶದ ಸಾಮರ್ಥ್ಯ ಹೆಚ್ಚಿತು ಅನ್ನೋದಕ್ಕೆ ಮಾತ್ರ ಸ್ಪಷ್ಟ ಆಧಾರ ಸಿಗಲಿಲ್ಲ.

57 ಮೀಟರ್ ಅಂದ್ರೆ ನಮ್ಮ ಕ್ಯಾಂಟೀನಿಂದ ಲೈಬ್ರರಿಗೂ ಸಾಲದು. ಆದರೆ ಅಪ್ಪ ಬಸ್ ಕಂಡಕ್ಟರು. ಬಸ್ಸಿನ ಉದ್ದ ಹನ್ನೆರಡು ಮೀಟರ್ ಅಂತಿಟ್ಟುಕೊಳ್ಳಿ: ಹಿಂದಿನ ಸೀಟಿನವರೆಗೆ ಟಿಕೆಟ್ ಕೊಟ್ಟು ಮುಂದೆ ಬರೋದು ಎರಡು ಸಲ ಜಾಸ್ತಿ ಆಯ್ತು. ನಮ್ಮನೆ ಅಕ್ಕಿ-ಬೇಳೆ, ನನ್ನ ಫೀಸು ಎಲ್ಲ ಆ ಓಡಾಟದ್ದೇ.

ಈಗ ದಿನಾ ಸಂಜೆ ಕೆರೆ ಏರಿ ಮೇಲೆ ನಡೀತಾರೆ. ಏದುಸಿರಿಗೆ ಸೊನ್ನೆಯಿಂದ ಹತ್ತರವರೆಗೆ ನಂಬರು ಕೊಟ್ಟುಕೊಳ್ಳೋದನ್ನ ಮೇಡಂ ಕಲಿಸಿದ್ದಾರೆ, ಮೂರು-ನಾಲ್ಕರಲ್ಲೇ ಇರಬೇಕಂತೆ. "ಇವತ್ತು ನಾಲ್ಕು" ಅಂತ ಅಪ್ಪ ಫೋನಲ್ಲಿ ಹೇಳಿದರೆ, ಹಿಂದಿನಿಂದ ಅಮ್ಮ "ಸುಳ್ಳು, ಆರು!" ಅಂತ ಕೂಗ್ತಾರೆ. ಡ್ಯೂಟಿಗೆ ಫಿಟ್‌ನೆಸ್ ತಪಾಸಣೆ ಮುಂದಿನ ತಿಂಗಳು.