ಸ್ಟಾಕ್‌ಹೋಮಿನಲ್ಲಿ ಹನ್ನೆರಡು ದಿನ

ಹೋದ ವರ್ಷ ಜೂನ್ ತಿಂಗಳಿನಲ್ಲಿ ನಾವು ದಂಪತಿಗಳಿಬ್ಬರೂ ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮ್ ನಗರಕ್ಕೆ ಹೋಗಿ ಹನ್ನೆರಡು ದಿನಗಳಿದ್ದು ಬಂದೆವು. ನಮ್ಮ ಮಗನು ಒಂಬತ್ತು ವರ್ಷಗಳಿಂದ ಅಲ್ಲಿ ಉದ್ಯೋಗದಲ್ಲಿದ್ದಾನೆ. ಊರಿಗೆ ಹಿಂದಿರುಗಿದ ಮೇಲೆ ನೆರೆಹೊರೆಯ ಗೆಳತಿಯರು "ಏನೇನು ನೋಡಿದಿರಿ?" ಎಂದು ಕೇಳಿದಾಗಲೆಲ್ಲಾ ಅರಮನೆ, ಪುರಭವನ, ಹಳೆಯ ಹಡಗು ಎಂದು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಿದ್ದೆನು. ಆ ಹಡಗಿನ ವಿಚಾರವು ಎರಡು ಮಾತಿನಲ್ಲಿ ಮುಗಿಯತಕ್ಕದ್ದಲ್ಲವಾದುದರಿಂದ ಈಗ ಸಾವಕಾಶವಾಗಿ ಬರೆಯಲು ಕುಳಿತಿದ್ದೇನೆ.

ಹೊರಡುವುದಕ್ಕೆ ಮೊದಲಿನ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ನಮ್ಮ ಯಜಮಾನರು ಸರ್ಕಾರದಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಮೈಸೂರಿನ ನಮ್ಮ ಮನೆಯ ಮೇಲೆ ಇನ್ನೊಂದು ಅಂತಸ್ತನ್ನು ಎತ್ತಿಸಲು ಅವರು ಕೈಹಾಕಿ ಆಗ ಒಂದು ವರ್ಷದ ಮೇಲಾಗಿದ್ದಿತು. ಮಗನೂ ಸೊಸೆಯೂ ಮೊಮ್ಮಗಳೂ ಹಿಂದಿರುಗಿ ಬಂದರೆ ಯಾರ ಹಂಗೂ ಇಲ್ಲದೆ ಇರಲಿ ಎಂಬುದು ಅವರ ಅಭಿಪ್ರಾಯ. ಚಾಮುಂಡಿ ಬೆಟ್ಟವು ಕಾಣುವ ಹಾಗೆ ಒಂದು ದೊಡ್ಡ ಕಿಟಕಿ, ಅದರ ಪಕ್ಕದಲ್ಲಿ ಮಗನ ಪುಸ್ತಕಗಳಿಗೆಂದು ಗೋಡೆಯ ಉದ್ದಕ್ಕೂ ತೇಗದ ಬೀರು, ಹೀಗೆ ಪ್ರತಿಯೊಂದನ್ನೂ ತಾವೇ ಗೀಟು ಹಾಕಿ ನಿಶ್ಚಯಿಸಿದ್ದರು. ಆದರೆ ಜನವರಿ ತಿಂಗಳಿನಲ್ಲಿ ಒಂದು ದಿನ ಮಗನು ದೂರವಾಣಿಯಲ್ಲಿ ನನ್ನೊಡನೆ ಮಾತನಾಡುತ್ತಾ, ತಾವು ಆ ದೇಶದ ಪೌರತ್ವವನ್ನು ಪಡೆಯಲು ನಿಶ್ಚಯಿಸಿರುವುದಾಗಿಯೂ, ಒಂದು ಮನೆಯನ್ನು ಕೊಳ್ಳುವುದಕ್ಕೆ ಮಾತಾಗಿರುವುದಾಗಿಯೂ ತಿಳಿಸಿ, "ಅಪ್ಪನಿಗೆ ನೀನೇ ಸಮಯ ನೋಡಿ ಹೇಳಮ್ಮ" ಎಂದನು. ಆ ಸಮಯವು ನನಗೆ ದೊರೆಯಲೇ ಇಲ್ಲ. ದೊರೆಯಲಿಲ್ಲವೆಂದರೆ ಸುಳ್ಳಾದೀತು, ದಿನಕ್ಕೆ ಹತ್ತು ಸಲ ದೊರೆಯುತ್ತಿದ್ದಿತು, ನನ್ನ ನಾಲಗೆ ಏಳುತ್ತಿರಲಿಲ್ಲ.

ಸ್ಟಾಕ್‌ಹೋಮ್ ನಗರವು ಹದಿನಾಲ್ಕು ದ್ವೀಪಗಳ ಮೇಲೆ ಹರಡಿಕೊಂಡಿದೆ. ಪಶ್ಚಿಮದಲ್ಲಿ ಮೆಲಾರೆನ್ ಎಂಬ ಸಿಹಿನೀರಿನ ಸರೋವರ, ಪೂರ್ವದಲ್ಲಿ ಬಾಲ್ಟಿಕ್ ಸಮುದ್ರ, ಇವೆರಡೂ ಕೂಡುವ ಸ್ಥಳದಲ್ಲಿಯೇ ಹಳೆಯ ಪಟ್ಟಣ. ಎತ್ತ ತಿರುಗಿದರೂ ಒಂದು ಸೇತುವೆ, ಎತ್ತ ನೋಡಿದರೂ ನೀರು. ನಾವು ಹೋದ ಕಾಲದಲ್ಲಿ ಸೂರ್ಯನು ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಮುಳುಗಿ, ಬೆಳಗಿನ ಜಾವ ಮೂರೂವರೆ ಗಂಟೆಗೆಲ್ಲಾ ಮತ್ತೆ ಬಂದುಬಿಡುತ್ತಿದ್ದನು. ನಡುವೆಯೂ ಪೂರ್ಣವಾದ ಕತ್ತಲೆಯಿಲ್ಲ. ದೀಪ ಹಚ್ಚುವ ಹೊತ್ತು ಯಾವುದೆಂದು ತಿಳಿಯದೆ ನಾನು ಮೊದಲನೆಯ ಸಂಜೆ ಮಗನ ಮನೆಯಲ್ಲಿ ದೇವರ ಮುಂದೆ ಸುಮ್ಮನೆ ಕುಳಿತಿದ್ದೆನು. ಕೊನೆಗೆ ಗಡಿಯಾರವನ್ನು ನೋಡಿ ಹಚ್ಚಿದ್ದಾಯಿತು. ಐದು ವರ್ಷದ ಮೊಮ್ಮಗಳು ಪಕ್ಕದಲ್ಲಿ ಕುಳಿತು ಹೂವುಗಳನ್ನು ಎಣಿಸಿಕೊಟ್ಟಳು. ಎಣಿಸಿದ್ದು ಸ್ವೀಡಿಷ್ ಭಾಷೆಯಲ್ಲಿ. ಅವಳ ತಾತ ನಕ್ಕು, "ಊರಿಗೆ ಬಂದಮೇಲೆ ಒಂದು ತಿಂಗಳಿನಲ್ಲಿ ಮರೆತುಹೋಗುತ್ತದೆ" ಎಂದರು. ಮಗನು ನನ್ನ ಮುಖವನ್ನು ನೋಡಿದನು.

ಹಳೆಯ ಪಟ್ಟಣಕ್ಕೆ ಗಾಮ್ಲಾ ಸ್ತಾನ್ ಎಂದು ಹೆಸರು. ಕಲ್ಲು ಹಾಸಿದ ಕಿರುದಾರಿಗಳು, ಕಾವಿ ಹಳದಿ ಬಣ್ಣದ ಎತ್ತರದ ಮನೆಗಳು. ಅಲ್ಲಿಯ ದೊಡ್ಡ ಚೌಕದಲ್ಲಿ ಈಗ ಜನರು ಹಾಯಾಗಿ ಕುಳಿತು ಕಾಫಿ ಕುಡಿಯುತ್ತಾರೆ. 1520ರ ನವೆಂಬರಿನಲ್ಲಿ ಡೆನ್ಮಾರ್ಕಿನ ದೊರೆಯಾದ ಎರಡನೆಯ ಕ್ರಿಶ್ಚಿಯನ್ ಎಂಬಾತನು ಎಂಬತ್ತಕ್ಕೂ ಹೆಚ್ಚು ಮಂದಿಯ ತಲೆಯನ್ನು ತೆಗೆಸಿದ್ದು ಇದೇ ಚೌಕದಲ್ಲಿ. ಸಮೀಪದಲ್ಲಿ ಮೋರ್ಟನ್ ಟ್ರೋಟ್ಸಿಗ್ ಎಂಬ ವರ್ತಕನ ಹೆಸರಿನ ಒಂದು ಸಂದಿಯುಂಟು; ನಗರದಲ್ಲೆಲ್ಲಾ ಇಷ್ಟು ಇಕ್ಕಟ್ಟಾದ ಸಂದಿ ಬೇರೊಂದಿಲ್ಲ. ನಮ್ಮವರ ಜೇಬಿನಲ್ಲಿ ಅಳತೆಯ ಪಟ್ಟಿಯೊಂದು ಯಾವಾಗಲೂ ಇರುತ್ತದೆ. ಮದುವೆಮನೆಗೆ ಹೋದರೂ ಇರುತ್ತದೆ. ಹಿಂದೆ ಬರುವವರನ್ನೆಲ್ಲಾ ನಿಲ್ಲಿಸಿ ಅಳೆದು, "ತೊಂಬತ್ತು ಸೆಂಟಿಮೀಟರು, ಸರಿಯಾಗಿದೆ" ಎಂದು ಆ ಊರಿಗೆ ಪ್ರಮಾಣಪತ್ರವನ್ನು ಕೊಟ್ಟರು. ಅರಮನೆಯ ವಿಚಾರವಾಗಿ ನಾನು ಹೆಚ್ಚು ಹೇಳುವುದಿಲ್ಲ. ಆರುನೂರಕ್ಕೂ ಮೀರಿದ ಕೋಣೆಗಳುಳ್ಳ ದೊಡ್ಡ ಕಟ್ಟಡ. ಮೊದಲಿದ್ದ ಕೋಟೆಯು 1697ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಕಟ್ಟಿದ್ದು. ಮೈಸೂರಿನ ಅರಮನೆಯನ್ನು ನೋಡಿ ಬೆಳೆದ ಕಣ್ಣಿಗೆ ಅದು ಹೊರಗಿನಿಂದ ಕಚೇರಿಯ ಹಾಗೆ ಕಂಡಿತು.

ಪುರಭವನವೆಂದರೆ ಹಾಗಲ್ಲ. ನೀರಿನ ಅಂಚಿನಲ್ಲಿಯೇ ನಿಂತಿರುವ ಕೆಂಪು ಇಟ್ಟಿಗೆಯ ಆ ಸೌಧವನ್ನು ರಾಗ್ನರ್ ಓಸ್ಟ್‌ಬೆರಿ ಎಂಬ ಶಿಲ್ಪಿಯು ಯೋಜಿಸಿ, 1923ರಲ್ಲಿ ಪೂರೈಸಿದನು. ಸುಮಾರು ಎಂಬತ್ತು ಲಕ್ಷ ಇಟ್ಟಿಗೆಗಳಾದುವಂತೆ. ಗೋಪುರದ ಎತ್ತರ 106 ಮೀಟರು, ಅದರ ತುದಿಯಲ್ಲಿ ಮೂರು ಚಿನ್ನದ ಕಿರೀಟಗಳು. ಒಳಗೆ ಹೋದರೆ "ನೀಲಿ ಸಭಾಂಗಣ". ಅಲ್ಲಿ ನೀಲಿಯೆಂಬುದು ಹುಡುಕಿದರೂ ಇಲ್ಲ! ಗೋಡೆಗಳಿಗೆ ನೀಲಿಯನ್ನು ಬಳಿಸಬೇಕೆಂದಿದ್ದ ಶಿಲ್ಪಿಯು ಇಟ್ಟಿಗೆಯ ಕೆಂಪಿಗೆ ಮನಸೋತು ಹಾಗೆಯೇ ಬಿಟ್ಟನು. ಹೆಸರು ಮಾತ್ರ ಉಳಿಯಿತು. ಮಹಡಿಯ ಮೇಲಿನ "ಚಿನ್ನದ ಸಭಾಂಗಣ"ವು ಹೆಸರಿಗೆ ತಕ್ಕದ್ದೇ. ಚಿನ್ನವನ್ನೂ ಬಣ್ಣದ ಗಾಜನ್ನೂ ಸೇರಿಸಿದ ಒಂದು ಕೋಟಿ ಎಂಬತ್ತು ಲಕ್ಷಕ್ಕೂ ಹೆಚ್ಚು ಹರಳುಗಳನ್ನು ಗೋಡೆಗಳಲ್ಲಿ ಕೂಡಿಸಿದ್ದಾರೆ. ಪ್ರತಿವರ್ಷ ಡಿಸೆಂಬರ್ 10ರಂದು ನೊಬೆಲ್ ಪಾರಿತೋಷಕದ ಔತಣವು ಈ ಸೌಧದಲ್ಲಿ ನಡೆಯುತ್ತದೆ.

ನಮ್ಮವರು ಬಾಲ್ಯದಲ್ಲಿ ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ನರ ಒಂದು ಉಪನ್ಯಾಸವನ್ನು ಕೇಳಿದ್ದರು. ಆದುದರಿಂದ ಅವರಿಗೆ ಈ ಊರೆಂದರೆ ಮೊದಲಿನಿಂದಲೂ ರಾಮನ್ನರ ಊರೇ. 1930ರಲ್ಲಿ ರಾಮನ್ನರು ಪತ್ನಿ ಲೋಕಸುಂದರಿಯವರೊಡನೆ ಇಲ್ಲಿಗೆ ಬಂದು, ಸಂಗೀತಭವನದಲ್ಲಿ ದೊರೆ ಐದನೆಯ ಗುಸ್ತಾವನ ಕೈಯಿಂದ ಪಾರಿತೋಷಕವನ್ನು ಸ್ವೀಕರಿಸಿದರು. ತಮ್ಮ ಸ್ಥಾನಕ್ಕೆ ಹಿಂದಿರುಗಿ ನೋಡಿದಾಗ ತಾವು ಇಷ್ಟು ಹೊತ್ತೂ ಕುಳಿತಿದ್ದುದು ಬ್ರಿಟಿಷರ ಬಾವುಟದ ಕೆಳಗೆ ಎಂಬುದು ಕಂಡು, ತನ್ನ ಬಡದೇಶಕ್ಕೆ ಸ್ವಂತದ ಒಂದು ಬಾವುಟವೂ ಇಲ್ಲವಲ್ಲಾ ಎಂದು ದುಃಖ ಉಕ್ಕಿತೆಂದು ಅವರೇ ಮುಂದೆ ಹೇಳಿಕೊಂಡರು. ಇದನ್ನು ನಮ್ಮವರು ಸಂಗೀತಭವನದ ನೀಲಿಯ ಗೋಡೆಯ ಮುಂದೆ ನಿಂತು ಮಗನಿಗೆ ವಿವರಿಸಿ, "ಮೂರೇ ವರ್ಷದಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು ನೋಡು. ಬಯಸಿದ್ದರೆ ಪ್ರಪಂಚದಲ್ಲಿ ಎಲ್ಲಿ ಬೇಕಾದರೂ ಇರಬಹುದಾಗಿದ್ದಿತು" ಎಂದರು. ಮಗನು "ಹೌದಪ್ಪ" ಎಂದನು. ನಾನು ಪಕ್ಕದ ಸಂತೆಯಲ್ಲಿಟ್ಟಿದ್ದ ಹೂವುಗಳ ಬೆಲೆಯನ್ನು ವಿಚಾರಿಸಲು ಹೋದೆನು.

ಇನ್ನು ಹಡಗು. ಎಂಟನೆಯ ದಿನ ಮಗನು ಕೆಲಸಕ್ಕೆ ಹೋಗಿದ್ದುದರಿಂದ ನಾವಿಬ್ಬರೇ ದೋಣಿಯನ್ನೇರಿ ಯೂರ್‌ಗಾರ್ಡನ್ ಎಂಬ ದ್ವೀಪಕ್ಕೆ ಹೋದೆವು. ದಡದಲ್ಲಿ ದೊಡ್ಡದೊಂದು ಕಟ್ಟಡ, ಅದರ ಛಾವಣಿಯ ಮೇಲೆ ಎದ್ದುನಿಂತ ಕೂವೆಮರಗಳು. ಒಳಗೆ ಮಬ್ಬುಬೆಳಕು, ತಂಪು. ಕಣ್ಣು ಹೊಂದಿಕೊಂಡ ಮೇಲೆ ಎದುರಿಗೆ ಕರಿಯ ಬೆಟ್ಟದಂತೆ ನಿಂತಿದ್ದಿತು, ವಾಸಾ ಎಂಬ ಆ ಯುದ್ಧನೌಕೆ. ಮುಂಚಾಚಿದ ಮರವೂ ಸೇರಿ ಉದ್ದ 69 ಮೀಟರು. ಹಿಂಭಾಗದಲ್ಲಿ ನಮ್ಮ ರಥಗಳಲ್ಲಿರುವಂತೆ ಸಾಲು ಸಾಲಾಗಿ ಸಿಂಹಗಳು, ವೀರರು, ದೇವತೆಗಳು. ನೂರಕ್ಕೆ ತೊಂಬತ್ತೆಂಟು ಪಾಲು ಮೂಲದ ಮರವೇ ಎಂದರೆ ನಂಬುವುದು ಕಷ್ಟ.

ಎರಡನೆಯ ಗುಸ್ತಾವ್ ಅಡಾಲ್ಫ್ ಎಂಬ ದೊರೆಯು ಪೋಲೆಂಡಿನವರೊಡನೆ ಕಾದುತ್ತಿದ್ದ ಕಾಲದಲ್ಲಿ, 1626ರಲ್ಲಿ, ಇದರ ನಿರ್ಮಾಣವು ಆರಂಭವಾಯಿತು. ಒಂದರ ಮೇಲೊಂದರಂತೆ ಎರಡು ಅಂತಸ್ತು ಫಿರಂಗಿಗಳು, ಒಟ್ಟು ಅರುವತ್ತನಾಲ್ಕು. ಕಟ್ಟುತ್ತಿದ್ದ ಡಚ್ಚರ ಯಜಮಾನ ಹೆನ್ರಿಕ್ ಹ್ಯುಬರ್ಟ್‌ಸನ್ 1627ರಲ್ಲಿ ತೀರಿಕೊಂಡನು, ಸಹಾಯಕನು ಮುಗಿಸಿದನು. 1628ರ ಆಗಸ್ಟ್ 10ರ ಭಾನುವಾರ ಮಧ್ಯಾಹ್ನ, ದಡದಲ್ಲಿ ನೆರೆದ ಜನರೆಲ್ಲರೂ ನೋಡುತ್ತಿರುವಾಗ ಹಡಗು ಹಾಯಿಯನ್ನು ಬಿಚ್ಚಿ ಹೊರಟಿತು. ಮೊದಲ ದಾರಿಯಷ್ಟೇ ಎಂದು ನಾವಿಕರ ಹೆಂಗಸರು ಮಕ್ಕಳಿಗೂ ಹತ್ತಲು ಅಪ್ಪಣೆಯಿದ್ದಿತು. ಒಂದು ಗಾಳಿ ಬೀಸಿತು, ಹಡಗು ವಾಲಿತು, ತೆರೆದಿದ್ದ ಕೆಳಸಾಲಿನ ಫಿರಂಗಿಯ ಕಿಂಡಿಗಳಲ್ಲಿ ನೀರು ನುಗ್ಗಿತು. ಸಾವಿರದ ಮುನ್ನೂರು ಮೀಟರುಗಳಷ್ಟು ಮಾತ್ರ ಸಾಗಿ, ಊರಿನ ಎದುರಿಗೇ ಮುಳುಗಿಹೋಯಿತು. ಸುಮಾರು ಮೂವತ್ತು ಮಂದಿ ಸತ್ತರು.

ನಮ್ಮವರು ಹಡಗಿನ ತಳವನ್ನೂ ಮೇಲನ್ನೂ ನೋಡಿ ನೋಡಿ, ನನಗೆ ಅರ್ಥವಾಗುವಂತೆ ವಿವರಿಸಿದರು. ಮೇಲಿನ ಕಟ್ಟಡವು ಭಾರವಾಯಿತು, ನೀರಿನೊಳಗಣ ಒಡಲು ಅದಕ್ಕೆ ಸಾಲಲಿಲ್ಲ. ತಳದಲ್ಲಿ ಇನ್ನಷ್ಟು ಕಲ್ಲನ್ನು ತುಂಬೋಣವೆಂದರೆ ಕೆಳಸಾಲಿನ ಕಿಂಡಿಗಳು ನೀರಿನ ಮಟ್ಟಕ್ಕೇ ಇಳಿದುಬಿಡುತ್ತಿದ್ದುವು. "ಇದು ದಡದಲ್ಲಿಯೇ ಯಾರಿಗಾದರೂ ಗೊತ್ತಾಗಬೇಕಾಗಿದ್ದಿತು" ಎಂದರು.

ಅಲ್ಲಿದ್ದ ಮಾರ್ಗದರ್ಶಿ ಹುಡುಗಿಯು ಅದಕ್ಕೆ ಉತ್ತರವೋ ಎಂಬಂತೆ ಮುಂದಿನ ಕಥೆಯನ್ನು ಹೇಳಿದಳು. ಗೊತ್ತಾಗಿದ್ದಿತು. ಹಡಗು ಹೊರಡುವುದಕ್ಕೆ ಮೊದಲು, ಕಟ್ಟೆಗೆ ಕಟ್ಟಿದ್ದಾಗಲೇ, ಮೂವತ್ತು ಆಳುಗಳನ್ನು ಅದರ ಮೇಲೆ ಈ ಅಂಚಿನಿಂದ ಆ ಅಂಚಿಗೆ ಒಟ್ಟಾಗಿ ಓಡಿಸಿ ಪರೀಕ್ಷೆ ಮಾಡಿದ್ದರು. ಮೂರನೆಯ ಓಟಕ್ಕೆ ಹಡಗು ಎಷ್ಟು ಹೊಯ್ದಾಡಿತೆಂದರೆ, ಇನ್ನೂ ಓಡಿದರೆ ಮಗುಚೀತೆಂದು ನೌಕಾಪತಿಯಾದ ಕ್ಲಾಸ್ ಫ್ಲೆಮಿಂಗನು ಪರೀಕ್ಷೆಯನ್ನೇ ನಿಲ್ಲಿಸಿದನು. ಕಪ್ತಾನನೂ ಅಲ್ಲಿಯೇ ಇದ್ದನು. ದೊರೆಯು ದೂರದ ಯುದ್ಧಭೂಮಿಯಲ್ಲಿ ಹಡಗನ್ನು ಎದುರುನೋಡುತ್ತಿದ್ದನು. ಹಡಗನ್ನು ತಡೆದು ನಿಲ್ಲಿಸಿದವರು ಯಾರೂ ಇಲ್ಲ. ಮುಳುಗಿದ ಮೇಲೆ ವಿಚಾರಣೆ ನಡೆಯಿತು. ಕಪ್ತಾನನು ತಾನು ಕುಡಿದಿರಲಿಲ್ಲವೆಂದನು, ಕಟ್ಟಿದವರು ದೊರೆಯು ಒಪ್ಪಿದ ಅಳತೆಯಂತೆಯೇ ಕಟ್ಟಿದೆವೆಂದರು. ಯಾರಿಗೂ ಶಿಕ್ಷೆಯಾಗಲಿಲ್ಲ.

ಆ ಹುಡುಗಿಯು ಮತ್ತೂ ಹೇಳುತ್ತಿದ್ದಳು. ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪು ಕಡಿಮೆಯಾದುದರಿಂದ ಮರವನ್ನು ಕೊರೆಯುವ ಹುಳು ಅಲ್ಲಿ ಬದುಕಲಾರದು, ಆದುದರಿಂದಲೇ ಹಡಗು ಉಳಿಯಿತು. ಆಂಡರ್ಸ್ ಫ್ರಾನ್ಸೇನ್ ಎಂಬಾತನು 1956ರಲ್ಲಿ ಅದನ್ನು ಪತ್ತೆಮಾಡಿದನು. 1961ರ ಏಪ್ರಿಲ್ 24ರಂದು, 333 ವರ್ಷಗಳ ತರುವಾಯ, ಮೇಲಕ್ಕೆತ್ತಿದರು. ಮರವು ಒಣಗಿ ಸೀಳದಂತೆ ಹದಿನೇಳು ವರ್ಷ ಮೇಣದಂಥ ಒಂದು ದ್ರವವನ್ನು ಸಿಂಪಡಿಸಿದರು. ನಮ್ಮವರು ತಲೆದೂಗುತ್ತಾ ಕೇಳುತ್ತಿದ್ದರು. ನನ್ನ ಕಣ್ಣ ಮುಂದೆ ಮಾತ್ರ ಆ ಮೂವತ್ತು ಆಳುಗಳೇ ಓಡುತ್ತಿದ್ದರು.

ಹೊರಗೆ ಬಂದು ನೀರಿನ ಎದುರಿಗಿದ್ದ ಒಂದು ಬೆಂಚಿನ ಮೇಲೆ ಕುಳಿತೆವು. ಸೊಸೆಯು ಕಟ್ಟಿಕೊಟ್ಟಿದ್ದ ಚಪಾತಿಯ ಗಂಟನ್ನು ಬಿಚ್ಚುತ್ತಾ, ಅವರ ಮುಖವನ್ನು ನೋಡದೆಯೇ, ಜನವರಿಯಲ್ಲಿ ಮಗನು ಹೇಳಿದ್ದೆಲ್ಲವನ್ನೂ ಹೇಳಿಬಿಟ್ಟೆನು.

ಬಹಳ ಹೊತ್ತಿನವರೆಗೂ ಅವರು ಮಾತನಾಡಲಿಲ್ಲ. ಒಂದು ದೋಣಿಯು ಬಂದು ಜನರನ್ನಿಳಿಸಿ ಹೋಯಿತು. ಆಮೇಲೆ ಕೇಳಿದರು: "ಜನವರಿಯಲ್ಲಿಯೆ?"

"ಹೌದು."

"ಕಿಟಕಿಗೂ ಬೀರುವಿಗೂ ತೇಗವನ್ನು ಕೊಂಡದ್ದು ಫೆಬ್ರವರಿಯಲ್ಲಿ."

ಅಷ್ಟೇ ಅವರಾಡಿದ ಮಾತು. ನನ್ನ ಮೂವತ್ತೊಂಬತ್ತು ವರ್ಷಗಳ ಸಂಸಾರದಲ್ಲಿ ಅದಕ್ಕಿಂತ ಕಠಿನವಾದ ಮಾತನ್ನು ಅವರಿಂದ ಕೇಳಿದವಳಲ್ಲ. ಆ ದಿನ ಮಧ್ಯಾಹ್ನ ಸ್ಕಾನ್ಸೆನ್ ಎಂಬ ಬಯಲು ವಸ್ತುಪ್ರದರ್ಶನಕ್ಕೆ ಹೋಗಬೇಕೆಂದು ಮೊದಲೇ ಗೊತ್ತುಮಾಡಿದ್ದುದರಿಂದ ಮಾತಿಲ್ಲದೆಯೇ ಹೋದೆವು. ಆರ್ತುರ್ ಹಾಸೇಲಿಯುಸ್ ಎಂಬ ಮಹನೀಯನು 1891ರಲ್ಲಿ ಸ್ಥಾಪಿಸಿದ ಸ್ಥಳವದು. ದೇಶದ ಮೂಲೆಮೂಲೆಗಳಿಂದ ಹಳೆಯ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಅಂಥ ಕಟ್ಟಡಗಳು ನೂರೈವತ್ತರಷ್ಟಿವೆ. ಬೇರೆ ದಿನವಾಗಿದ್ದರೆ ನಮ್ಮವರನ್ನು ಅಲ್ಲಿಂದ ಎಬ್ಬಿಸಿ ತರುವುದೇ ಕಷ್ಟವಾಗುತ್ತಿದ್ದಿತು. ಅಂದು ಒಂದು ತೋಟದ ಮನೆಯ ಮರದ ಮೂಲೆಗಳು ಮೊಳೆಯಿಲ್ಲದೆ ಕೂಡಿರುವುದನ್ನು ಕೈಯಿಂದ ಸವರಿ ನೋಡಿದರು. ಅಳತೆಯ ಪಟ್ಟಿಯು ಜೇಬಿನಲ್ಲಿಯೇ ಇದ್ದಿತು.

ರಾತ್ರಿ ಊಟವಾದ ಮೇಲೆ ಮಗನನ್ನು ಕರೆದು, "ಕೊಳ್ಳುವ ಮನೆ ಎಲ್ಲಿ? ನಕ್ಷೆ ಇದೆಯೆ?" ಎಂದು ಕೇಳಿದರು. ಮಗನು ನನ್ನನ್ನು ನೋಡಿದನು. ಈ ಸಲ ನಾನು ತಲೆ ತಗ್ಗಿಸಲಿಲ್ಲ. ಮಾರನೆಯ ದಿನ ತಂದೆಮಕ್ಕಳಿಬ್ಬರೇ ಆ ಮನೆಯನ್ನು ನೋಡಿ ಬಂದರು. ಏನು ಮಾತನಾಡಿಕೊಂಡರೋ ಇಬ್ಬರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಗನ ಕಣ್ಣು ಕೆಂಪಾಗಿದ್ದಿತು. ನಮ್ಮವರ ಕೈಯಲ್ಲಿದ್ದ ಒಂದು ಚೀಟಿಯಲ್ಲಿ ಆ ಮನೆಯ ನಡುಕೋಣೆಯ ಗೋಡೆಯ ಉದ್ದವನ್ನೂ ಎತ್ತರವನ್ನೂ ಬರೆದುಕೊಂಡಿದ್ದರು. ಊರಿನ ಬೀರು ಆ ಗೋಡೆಗೆ ಒಂದು ಗೇಣಿನಷ್ಟು ಉದ್ದವಾಗುತ್ತದೆಂದೂ, ಸಾಗಿಸುವ ಖರ್ಚು ಮರದ ಬೆಲೆಯನ್ನು ಮೀರುತ್ತದೆಂದೂ ತಿಳಿಯಿತು.

ಮೇಲಂತಸ್ತು ಈಗ ಪೂರ್ತಿಯಾಗಿದೆ. ಉಪಾಧ್ಯಾಯರೊಬ್ಬರ ಸಂಸಾರಕ್ಕೆ ಬಾಡಿಗೆಗೆ ಕೊಟ್ಟಿದ್ದೇವೆ. ಬೆಟ್ಟ ಕಾಣುವ ಕಿಟಕಿಯ ಬಳಿ ಆಕೆ ಹೊಲಿಗೆಯ ಯಂತ್ರವನ್ನಿಟ್ಟುಕೊಂಡಿದ್ದಾಳೆ, ಬೀರುವಿನಲ್ಲಿ ಬಟ್ಟೆಗಳು. ಮೊನ್ನೆ ಮಗನು ದೂರವಾಣಿಯಲ್ಲಿ, ಹೊಸ ಮನೆಯ ಅಡಿಗೆಮನೆಯ ನಲ್ಲಿ ಸೋರುತ್ತಿದೆಯೆಂದು ತಂದೆಯನ್ನು ಕೇಳುತ್ತಿದ್ದನು. ಯಾವ ಅಳತೆಯ ನಲ್ಲಿ, ಯಾವ ದಿಕ್ಕಿನಿಂದ ಸೋರುತ್ತಿದೆ ಎಂದು ಇವರು ಅರ್ಧ ಗಂಟೆ ವಿಚಾರಿಸಿದರು.