ಮಾಟುಂಗಾ: ಅಪ್ಪಂದಿರ ಬೆವರಿನ ಪೇಟೆ

ಮುಂಬಯಿಯ ಮಧ್ಯ ರೈಲ್ವೆಯ ಮಾಟುಂಗಾ ನಿಲ್ದಾಣದಲ್ಲಿ ಇಳಿದು ಪೂರ್ವ ದಿಕ್ಕಿಗೆ ಹೊರಬಂದರೆ ಮೊದಲು ಮೂಗಿಗೆ ಬಡಿಯುವುದು ಮಲ್ಲಿಗೆಯ ಘಮ. ಅದರ ಬೆನ್ನಿಗೇ ಕಾಫಿಪುಡಿಯ ಪರಿಮಳ. ಹೂಮಾಲೆ ಕಟ್ಟುವವರು, ಬಾಳೆಎಲೆಯ ಕಟ್ಟುಗಳು, ನುಗ್ಗೆಕಾಯಿ, ಬೂದುಗುಂಬಳ. ಮರಾಠಿ ನೆಲದ ನಟ್ಟನಡುವೆ ಯಾರೋ ದಕ್ಷಿಣದ ಪೇಟೆಯೊಂದನ್ನು ಎತ್ತಿ ತಂದು ಇಟ್ಟಂತಿದೆ. ಕಿವಿಗೊಟ್ಟರೆ ತಮಿಳು, ಮಲಯಾಳ, ಗುಜರಾತಿಗಳ ನಡುವೆ ಕನ್ನಡ, ತುಳು, ಕೊಂಕಣಿಗಳೂ ಕೇಳಿಬರುತ್ತವೆ.

ಈ ಪೇಟೆ ಹುಟ್ಟಿದ್ದಕ್ಕೆ ಒಂದು ಮಹಾಮಾರಿಯೂ ಕಾರಣ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಡಿಯಿತು. ಗಾಳಿ ಬೆಳಕಿಲ್ಲದ ಕಿಕ್ಕಿರಿದ ವಠಾರಗಳಲ್ಲಿ ಜನ ಸತ್ತರು. 1898ರಲ್ಲಿ ಆಗಿನ ಸರ್ಕಾರ ನಗರ ಸುಧಾರಣಾ ಟ್ರಸ್ಟ್ ರಚಿಸಿತು. ಅದು ಉತ್ತರದ ಬಯಲಿನಲ್ಲಿ ದಾದರ್, ಮಾಟುಂಗಾ ಬಡಾವಣೆಗಳನ್ನು ಯೋಜಿಸಿತು. ಅಗಲ ರಸ್ತೆ, ಸಾಲುಮರ, ಉದ್ಯಾನ ಎಲ್ಲವೂ ಬಂದವು. ರೈಲ್ವೆಯಲ್ಲಿ, ಕಂಪನಿಗಳಲ್ಲಿ ಗುಮಾಸ್ತರಾಗಿ ಬಂದ ದಕ್ಷಿಣದವರು ಇಲ್ಲಿ ಬಾಡಿಗೆಗೆ ನೆಲೆಸಿದರು. ಮೈಸೂರು ಸೀಮೆಯವರು 1926ರಲ್ಲೇ ಮೈಸೂರು ಅಸೋಸಿಯೇಷನ್ ಕಟ್ಟಿಕೊಂಡರು.

ಗುಮಾಸ್ತರಿಗೆ ಊಟ ಬೇಕಲ್ಲ! ಆ ಹೊಣೆ ಹೊತ್ತವರು ಕರಾವಳಿಯವರು.

ಎಲೆಯ ಊಟ

ನಿಲ್ದಾಣದ ಪಕ್ಕದ ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ ಎ. ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. 1942ರಲ್ಲಿ ಆರಂಭವಾದ ಇಲ್ಲಿ ಊಟ ಬಡಿಸುವುದು ಬಾಳೆಎಲೆಯ ಮೇಲೆ. ಕಿಂಗ್ಸ್ ಸರ್ಕಲ್ ಕಡೆಗೆ ನಡೆದರೆ 1940ರ ಕೆಫೆ ಮದ್ರಾಸ್ ಸಿಗುತ್ತದೆ. ಇಡ್ಲಿಗೂ ರವೆದೋಸೆಗೂ ಭಾನುವಾರ ಬೆಳಿಗ್ಗೆ ಜನ ಬೀದಿಯಲ್ಲೇ ನಿಂತು ಕಾಯುತ್ತಾರೆ.

ಈ ಹೋಟೆಲುಗಳ ಒಡೆಯರ ಹೆಸರು ಪತ್ರಿಕೆಗಳಲ್ಲಿ ಬಂದಿದೆ. ಆದರೆ ಮುಂಬಯಿಯ ನೂರಾರು ಹೋಟೆಲುಗಳಲ್ಲಿ ಟೇಬಲು ಒರೆಸಿದವರ, ಹಿಟ್ಟು ರುಬ್ಬಿದವರ, ತಟ್ಟೆ ತೊಳೆದವರ ಹೆಸರು ಎಲ್ಲೂ ಇಲ್ಲ. ಅವರಲ್ಲಿ ಬಹುಮಂದಿ ಮೀಸೆ ಮೂಡುವ ಮೊದಲೇ ಊರು ಬಿಟ್ಟವರು. ಗೇಣಿ ಕೊಟ್ಟು ಉಳಿದ ಭತ್ತ ಮಳೆಗಾಲ ಮುಗಿಯುವ ತನಕವೂ ಸಾಲದ ಮನೆಗಳಿಂದ ಬಂದವರು. ಕೊಂಕಣ ರೈಲು 1998ರಲ್ಲಿ ಪೂರ್ಣವಾಗಿ ಓಡತೊಡಗುವ ತನಕ ಬಸ್ಸಿನಲ್ಲಿ ಹಗಲೂ ರಾತ್ರಿ ಕುಳಿತು ಬರಬೇಕಿತ್ತು. ಅದಕ್ಕೂ ಹಿಂದಿನವರು ಹಡಗು ಹತ್ತಿ ಬಂದರು.

ಕ್ಲೀನರ್ ಆಗಿ ಸೇರಿದ ಹುಡುಗ ಸಪ್ಲಾಯರ್ ಆಗಿ, ಅಡುಗೆಯವನಾಗಿ, ಅದೃಷ್ಟವಿದ್ದರೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ. ಮಲಗಲು ಹೋಟೆಲಿನ ಬೆಂಚೇ ಮಂಚ. ಕೊನೆಯ ಗಿರಾಕಿ ಎದ್ದ ಮೇಲೆ ಅವನ ರಾತ್ರಿ.

ಹಗಲು ಹೋಟೆಲು, ರಾತ್ರಿ ಶಾಲೆ

ಇಂಥ ಹುಡುಗರಿಗಾಗಿಯೇ ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳು ಹುಟ್ಟಿದವು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳು ಇದರಲ್ಲಿ ಮುಂದಾದವು. ಬಿಲ್ಲವರ ಸಂಘ ಗುರುನಾರಾಯಣ ರಾತ್ರಿಶಾಲೆ ನಡೆಸಿತು. ಸಂಜೆ ಕೈ ತೊಳೆದು, ಅಂಗಿ ಬದಲಿಸಿ, ನಿದ್ದೆಯನ್ನು ಕಣ್ಣಲ್ಲೇ ಇಟ್ಟುಕೊಂಡು ಪಾಠ ಕೇಳಿದವರು ಎಸ್ಸೆಸ್ಸೆಲ್ಸಿಗೆ ಸಮನಾದ ಪರೀಕ್ಷೆ ಪಾಸಾದರು. ಬ್ಯಾಂಕು, ಕಚೇರಿ ಸೇರಿದರು. ಕೆಲವರು ವಕೀಲರೂ ಆದರು.

ಪಾಸಾಗಲು ಆಗದವರು ಏನು ಮಾಡಿದರು? ಮಕ್ಕಳನ್ನು ಓದಿಸಿದರು. ಅದಕ್ಕೆ ಮೊದಲು ಮಕ್ಕಳನ್ನು ಮುಂಬಯಿಗೆ ಕರೆತರಬೇಕಿತ್ತು, ಕರೆತರಲು ಒಂದು ಖೋಲಿ ಬೇಕಿತ್ತು. ಬಾಡಿಗೆ ನಿಯಂತ್ರಣ ಕಾಯಿದೆಯಿಂದ ಚಾಳುಗಳ ತಿಂಗಳ ಬಾಡಿಗೆ ಅಗ್ಗವಾಗಿಯೇ ಇತ್ತು. ಆದರೆ ಒಳಗೆ ಕಾಲಿಡಲು 'ಪಗಡಿ' ಎಂಬ ದೊಡ್ಡ ಗಂಟು ಕೊಡಬೇಕಿತ್ತು. ಆ ಗಂಟು ಕೂಡುವ ತನಕ ಹೆಂಡತಿ ಮಕ್ಕಳು ಊರಲ್ಲಿ, ಅಪ್ಪ ಹೋಟೆಲಿನಲ್ಲಿ. ಅಪ್ಪನೆಂದರೆ ತಿಂಗಳಿಗೊಂದು ಮನಿಯಾರ್ಡರು. ವರ್ಷಕ್ಕೊಮ್ಮೆ ಟ್ರಂಕು ಹೊತ್ತು ಬಂದು ಕೆಲವೇ ದಿನಗಳಲ್ಲಿ ಮರಳಿ ಹೋಗುವ ನೆಂಟ. ಇತ್ತ ಊರಿನಲ್ಲಿ ಗದ್ದೆ ನೋಡುತ್ತ, ಬೀಡಿ ಕಟ್ಟುತ್ತ ಮನೆಯನ್ನು ನಿಲ್ಲಿಸಿದವಳು ತಾಯಿ. ಅಪ್ಪನ ತ್ಯಾಗದ ಲೆಕ್ಕದಲ್ಲಿ ಆಕೆಯ ಪಾಲನ್ನು ಬಿಟ್ಟರೆ ಆ ಲೆಕ್ಕ ತಪ್ಪಾಗುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ತುಳುನಾಡಿನ ಹಲವು ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿ ಇತ್ತು. ಕುಟುಂಬದ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ತಂದೆಯ ಮನೆತನದ ಭೂಮಿಯಲ್ಲಿ ಅವನ ಮಕ್ಕಳಿಗೆ ಪಾಲಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಈ ಕಟ್ಟು ಸಡಿಲವಾಯಿತು. ಅಂಥ ನಾಡಿನ ತಂದೆಗೆ ಮುಂಬಯಿಯ ಸಂಬಳ ಸ್ವಂತದ ದುಡಿಮೆ. ಅದರಲ್ಲಿ ಅವನು ಮಕ್ಕಳಿಗೆ ಕೊಡಬಹುದಾಗಿದ್ದ ದೊಡ್ಡ ಆಸ್ತಿಯೆಂದರೆ ಶಾಲೆಯ ಫೀಸು.

ಇಪ್ಪತ್ತು ನಿಮಿಷದ ದಾರಿ

ಮಾಟುಂಗಾದ ಇನ್ನೊಂದು ಮುಖ ಅದರ ಕಾಲೇಜುಗಳು. 1887ರಲ್ಲಿ ಸ್ಥಾಪನೆಯಾಗಿ ಆಮೇಲೆ ಇಲ್ಲಿಗೆ ಬಂದ ವಿ.ಜೆ.ಟಿ.ಐ. ಎಂಜಿನಿಯರಿಂಗ್ ಕಾಲೇಜು, 1933ರಲ್ಲಿ ಆರಂಭವಾಗಿ ಈಗ ರಸಾಯನ ತಂತ್ರಜ್ಞಾನ ಸಂಸ್ಥೆ ಎನಿಸಿರುವ ಯು.ಡಿ.ಸಿ.ಟಿ., 1937ರ ರುಯಿಯಾ ಕಾಲೇಜು, ಜೊತೆಗೆ ಪೋದಾರ್, ಖಾಲ್ಸಾ. ದಕ್ಷಿಣದವರೇ 1932ರಲ್ಲಿ ಕಟ್ಟಿದ ಸೌತ್ ಇಂಡಿಯನ್ ಎಜುಕೇಷನ್ ಸೊಸೈಟಿಯ ಶಾಲೆಯೂ ಇಲ್ಲೇ ಇದೆ.

ನಿಲ್ದಾಣದ ಬಳಿಯ ಖಾನಾವಳಿಯಿಂದ ವಿ.ಜೆ.ಟಿ.ಐ. ಬಾಗಿಲಿಗೆ ನಡೆದರೆ ಇಪ್ಪತ್ತು ನಿಮಿಷ. ಇಂಥ ದಾರಿಯನ್ನು ಸವೆಸಲು ಒಂದು ಕುಟುಂಬಕ್ಕೆ ಒಂದು ತಲೆಮಾರೇ ಹಿಡಿಯುತ್ತಿತ್ತು. "ನನ್ನ ಮಗ ತಟ್ಟೆ ಎತ್ತಬಾರದು" ಎಂಬುದು ಆ ಅಪ್ಪಂದಿರ ಒಂದೇ ಹಟ. ಮಗಳೂ ಓದಲಿ ಎಂದವರ ಮನೆಯಲ್ಲಿ ಡಾಕ್ಟರು, ಅಧ್ಯಾಪಕಿಯರಾದರು.

ಹಟ ಗೆದ್ದಿತು. ಆದರೆ ಗೆಲುವಿಗೂ ಬೆಲೆ ಇದೆ. ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋದರು. ಮುಂಬಯಿಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗಿ ಹಲವು ಬಾಗಿಲು ಹಾಕಿದವು. ಮೊಮ್ಮಕ್ಕಳಿಗೆ ತುಳುವೋ ಕನ್ನಡವೋ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅಜ್ಜ ಊರಿಗೆ ಬರೆದ ಕಾಗದಗಳು ಟ್ರಂಕಿನಲ್ಲಿವೆ, ಬಿಡಿಸಿ ಓದುವವರಿಲ್ಲ. ಅಪ್ಪ ಕನ್ನಡದಲ್ಲಿ ದುಡಿದು ಕೊಡಿಸಿದ ವಿದ್ಯೆ ಅಪ್ಪನ ಅಕ್ಷರವನ್ನೇ ಮರೆಸಿದ್ದು ವಿಚಿತ್ರ. ಇದಕ್ಕೆ ಮಕ್ಕಳನ್ನು ದೂರಿ ಫಲವಿಲ್ಲ. ಬೇರೆ ಶಾಲೆಗೆ ಕಳಿಸಿದವನೂ ಆ ಅಪ್ಪನೇ, ಅದೂ ಪ್ರೀತಿಯಿಂದಲೇ. ಆದರೆ ಆ ಕಾಗದಗಳನ್ನು ಓದುವಷ್ಟು ಅಕ್ಷರ ಕಲಿಯಲು ಒಂದು ಬೇಸಿಗೆ ರಜೆ ಸಾಕು.

ರಜೆಯಲ್ಲಿ ಮುಂಬಯಿಗೆ ಹೋಗುವ ವಿದ್ಯಾರ್ಥಿಗಳು ಗೇಟ್‌ವೇ, ಜುಹೂ ನೋಡಿದ ಮೇಲೆ ಅರ್ಧ ದಿನ ಮಾಟುಂಗಾಕ್ಕೆ ಇಡಬಹುದು. ದಾದರಿನಿಂದ ಮಧ್ಯ ರೈಲ್ವೆಯ ಲೋಕಲ್ ಹಿಡಿದರೆ ಮುಂದಿನದೇ ನಿಲ್ದಾಣ. ಪಶ್ಚಿಮ ರೈಲ್ವೆಯ 'ಮಾಟುಂಗಾ ರೋಡ್' ಬೇರೆ, ಎಚ್ಚರ. ಮಾಟುಂಗಾ ನಿಲ್ದಾಣವನ್ನು 2017ರಲ್ಲಿ ಪೂರ್ತಿ ಮಹಿಳಾ ಸಿಬ್ಬಂದಿಗೆ ಒಪ್ಪಿಸಲಾಯಿತು ಎಂಬುದೂ ನೆನಪಿರಲಿ. ಹೂವಿನ ಅಂಗಡಿ ದಾಟಿ ಕಾಲೇಜುಗಳ ತನಕ ನಡೆಯಿರಿ, ಫೈವ್ ಗಾರ್ಡನ್ಸ್ ಮರಗಳ ಕೆಳಗೆ ಸ್ವಲ್ಪ ಹೊತ್ತು ಕೂರಿ. ಆಮೇಲೆ ಎಲೆಯ ಮುಂದೆ ಕುಳಿತಾಗ ಸಾರು ಬಡಿಸುವವರನ್ನು "ಅಣ್ಣ, ಯಾವೂರು?" ಎಂದು ಕೇಳಿ. ಬಿಡುವಿದ್ದರೆ ಅವರು ಮಕ್ಕಳ ಓದಿನ ಸುದ್ದಿಯನ್ನೂ ಹೇಳುತ್ತಾರೆ.